ಹೊಳೆಯುವ ಜಲವರ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಚಿನ್ನದ ಬಣ್ಣದ ಮೆಟಾಲಿಕ್ ಜಲವರ್ಣವನ್ನು ಬಿಳಿಯ ಹಾಳೆಯ ಮೇಲೆ ಬಳಿದಾಗ ಅದು ಒಣಗಿದ ಕೆಸರಿನಂತೆ ಕಾಣುತ್ತದೆ. ಬಿಲ್ಲೆಯಲ್ಲಿ ಅಷ್ಟೊಂದು ಮಿನುಗುತ್ತಿದ್ದ ಬಣ್ಣ ಹಾಳೆಗೆ ಬಂದೊಡನೆ ಹೊಳಪು ಕಳೆದುಕೊಳ್ಳುವುದೇಕೆ?

ಉತ್ತರ: ಈ ಬಗೆಯ ಬಹುತೇಕ ಬಣ್ಣಗಳಲ್ಲಿರುವುದು ಲೋಹವಲ್ಲ, ಅಭ್ರಕ. ಅದಕ್ಕೆ ನಮ್ಮ ಹಿರಿಯರು ಇಟ್ಟ ಕಾಗೆಬಂಗಾರ ಎಂಬ ಹೆಸರು ಇಲ್ಲಿ ಅಕ್ಷರಶಃ ಒಪ್ಪುತ್ತದೆ. ಅಭ್ರಕದ ಅತಿ ತೆಳುವಾದ ಚಕ್ಕೆಗಳ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಅಥವಾ ಕಬ್ಬಿಣದ ಆಕ್ಸೈಡಿನ ಇನ್ನೂ ತೆಳುವಾದ ಲೇಪವನ್ನು ಕೊಟ್ಟು, ಸಾಮಾನ್ಯ ಜಲವರ್ಣದಲ್ಲಿರುವಂತೆಯೇ ಗಮ್ ಅರೇಬಿಕ್ ಎಂಬ ಮರದ ಅಂಟಿನಲ್ಲಿ ಅವುಗಳನ್ನು ಕಲಸಿ ಬಿಲ್ಲೆ ಮಾಡುತ್ತಾರೆ. ಒಂದೊಂದು ಚಕ್ಕೆಯೂ ಒಂದು ಪುಟ್ಟ ಕನ್ನಡಿ. ಕನ್ನಡಿಗಳೆಲ್ಲ ಹಾಳೆಯ ಮೇಲೆ ಒಂದೇ ಮಟ್ಟದಲ್ಲಿ, ಒತ್ತೊತ್ತಾಗಿ ಮಲಗಿದಾಗ ಬೆಳಕು ಒಂದೇ ದಿಕ್ಕಿಗೆ ಮರಳಿ ಹೊಳಪು ಹುಟ್ಟುತ್ತದೆ. ಅವು ಚೆಲ್ಲಾಪಿಲ್ಲಿಯಾಗಿ ನಿಂತರೆ ಅಥವಾ ನಡುನಡುವೆ ಹಾಳೆಯ ಬಿಳುಪು ಇಣುಕಿದರೆ, ಕಬ್ಬಿಣದ ಆಕ್ಸೈಡಿನ ಸಹಜವಾದ ಕಂದು ಬಣ್ಣವೊಂದೇ ಕಣ್ಣಿಗೆ ಬೀಳುತ್ತದೆ. ನೀವು ಕಂಡ ಕೆಸರು ಅದೇ.

ಹೀಗಾಗಿ ಸಾಮಾನ್ಯ ಜಲವರ್ಣದಲ್ಲಿ ಕಲಿತ ಎರಡು ಅಭ್ಯಾಸಗಳನ್ನು ಇಲ್ಲಿ ಬಿಡಬೇಕಾಗುತ್ತದೆ. ಮೊದಲನೆಯದು, ಧಾರಾಳವಾಗಿ ನೀರು ಬೆರೆಸುವುದು. ಬಿಲ್ಲೆಯ ಮೇಲೆ ನಾಲ್ಕೈದು ಹನಿ ನೀರು ಬಿಟ್ಟು, ಕೆಲವು ನಿಮಿಷ ಮುಟ್ಟದೆ ನೆನೆಯಲು ಬಿಡಿ. ಅನಂತರ ಒದ್ದೆ ಕುಂಚದಿಂದ ಮೆಲ್ಲಗೆ ತಿರುವಿದರೆ ಮೇಲ್ಪದರ ಕೆನೆಯಷ್ಟು ದಪ್ಪವಾಗಿ ಎದ್ದು ಬರುತ್ತದೆ. ಆ ಹದದಲ್ಲೇ ಬಳಸಬೇಕು. ಎರಡನೆಯದು, ಬಳಿದ ಜಾಗವನ್ನು ಮತ್ತೆ ಮತ್ತೆ ತಿದ್ದುವುದು. ಚಕ್ಕೆಗಳು ತಾವಾಗಿ ಮಟ್ಟಸವಾಗಿ ಮಲಗುವುದು ಬಣ್ಣ ಇನ್ನೂ ಒದ್ದೆಯಾಗಿರುವಾಗ ಮಾತ್ರ. ಅರ್ಧ ಒಣಗಿದ ಮೇಲೆ ಕುಂಚ ಆಡಿಸಿದರೆ ಮಲಗಿದವುಗಳನ್ನು ಎಬ್ಬಿಸಿ ಕೂರಿಸಿದಂತಾಗುತ್ತದೆ. ತೃಪ್ತಿಯಾಗದಿದ್ದರೆ ಪೂರ್ತಿ ಒಣಗಿದ ಮೇಲೆ ಎರಡನೆಯ ಪದರವನ್ನು ಒಂದೇ ಎಳೆತದಲ್ಲಿ ಕೊಡಿ. ಒರಟು ಹಾಳೆಯ ಉಬ್ಬುತಗ್ಗುಗಳೂ ಚಕ್ಕೆಗಳನ್ನು ಓರೆಯಾಗಿಸುವುದರಿಂದ ನುಣುಪಾದ ಹಾಳೆಯೇ ಮೇಲು.

ಹಾಳೆಯ ಬಣ್ಣವೂ ಮುಖ್ಯ. ಕಪ್ಪು ಅಥವಾ ಕಡುನೀಲಿ ಹಾಳೆಯ ಮೇಲೆ ಇದೇ ಬಣ್ಣ ಎದ್ದು ಕುಣಿಯುತ್ತದೆ. ನೋಡುವ ಕೋನ ಬದಲಾದಂತೆ ಬೇರೆ ಬಣ್ಣ ತೋರುವ, ಇಂಟರ್‌ಫಿಯರೆನ್ಸ್ ಎಂಬ ಹೆಸರಿನ ಬಿಲ್ಲೆಗಳಲ್ಲಂತೂ ಈ ವ್ಯತ್ಯಾಸ ಅಚ್ಚರಿ ಹುಟ್ಟಿಸುತ್ತದೆ. ಅವುಗಳಲ್ಲಿ ಬಣ್ಣವನ್ನು ಹುಟ್ಟಿಸುವುದು ಟೈಟಾನಿಯಂ ಲೇಪದ ದಪ್ಪ: ತೀರಾ ತೆಳುವಾಗಿದ್ದರೆ ಬೆಳ್ಳಿಯಂಥ ಬಿಳುಪು, ದಪ್ಪ ಹೆಚ್ಚಿದಂತೆ ಹಳದಿ, ಕೆಂಪು, ನೀಲಿ, ಹಸಿರು. ಸಾಬೂನಿನ ಗುಳ್ಳೆಯ ಮೇಲೆ ಬಣ್ಣಗಳು ಆಡುವುದೂ ಇದೇ ಕಾರಣಕ್ಕೆ. ಚಕ್ಕೆಯನ್ನು ದಾಟಿ ಕೆಳಗಿಳಿದ ಉಳಿದ ಬೆಳಕನ್ನು ಕಪ್ಪು ಹಾಳೆ ನುಂಗಿಬಿಡುತ್ತದೆ, ಬಿಳಿಯ ಹಾಳೆ ಹಿಂದಿರುಗಿಸುತ್ತದೆ. ಹಿಂದಿರುಗಿದ ಬೆಳಕು ಮೇಲಿನ ಬಣ್ಣದೊಡನೆ ಬೆರೆತು ಅದನ್ನು ಮಂಕಾಗಿಸುತ್ತದೆ. ಬಿಳಿಯ ಹಾಳೆಯಲ್ಲೇ ಕೆಲಸ ಮಾಡಬೇಕೆಂದಿದ್ದರೆ, ಚಿನ್ನ ಬರಬೇಕಾದ ಜಾಗಕ್ಕೆ ಮೊದಲು ಕಾವಿ ಅಥವಾ ಗಾಢ ಹಳದಿ ಬಳಿದು, ಒಣಗಿದ ಮೇಲೆ ಹೊಳಪನ್ನು ಕೊಡಿ.

ಪ್ರಶ್ನೆ: ಕ್ಯಾಲಿಗ್ರಫಿಗೆ ಇದನ್ನು ಬಳಸುವುದು ಹೇಗೆ? ಅದ್ದಿ ಬರೆಯುವ ನಿಬ್ಬಿನಲ್ಲಿ ಮೊದಲ ಅಕ್ಷರಕ್ಕೆ ಬಣ್ಣ ಗೊಳಕ್ಕನೆ ಸುರಿಯುತ್ತದೆ, ಮೂರನೆಯ ಅಕ್ಷರಕ್ಕೆ ಏನೂ ಇಳಿಯುವುದಿಲ್ಲ. ಫೌಂಟನ್ ಪೆನ್ನಿಗೆ ತುಂಬಿಸಬಹುದೇ?

ಉತ್ತರ: ಫೌಂಟನ್ ಪೆನ್ನಿಗೆ ಖಂಡಿತ ಬೇಡ. ಶಾಯಿ ಹರಿಯುವ ಅದರ ಸಣ್ಣ ಕಾಲುವೆಗಳಲ್ಲಿ ಚಕ್ಕೆಗಳು ಕೂರುತ್ತವೆ, ಅಂಟು ಒಣಗಿ ಅವುಗಳನ್ನು ಭದ್ರಪಡಿಸುತ್ತದೆ; ಆಮೇಲೆ ಎಷ್ಟು ತೊಳೆದರೂ ಆ ಪೆನ್ನು ಮೊದಲಿನಂತಾಗುವುದು ಕಷ್ಟ.

ಅದ್ದುವ ನಿಬ್ಬಿನ ತೊಂದರೆಗೆ ಕಾರಣ ಎರಡಿರಬಹುದು. ನಿಬ್ ಹೊಸದಾಗಿದ್ದರೆ, ತುಕ್ಕು ಹಿಡಿಯದಿರಲೆಂದು ಬಳಿದ ಎಣ್ಣೆಯ ಪೊರೆ ಅದರ ಮೇಲಿರುತ್ತದೆ, ಅದು ನೀರಿನ ಬಣ್ಣವನ್ನು ನಿಲ್ಲಗೊಡುವುದಿಲ್ಲ. ಸಾಬೂನು ನೀರಿನಲ್ಲಿ ಉಜ್ಜಿ, ತೊಳೆದು, ಒರೆಸಿ ಬಳಸಿ. ಇನ್ನೊಂದು ಕಾರಣ ಅದ್ದುವ ಕ್ರಮವೇ. ಮೆಟಾಲಿಕ್ ಬಣ್ಣದಲ್ಲಿ ನಿಬ್ಬನ್ನು ಅದ್ದುವುದಕ್ಕಿಂತ, ಇನ್ನೊಂದು ಕೈಯಲ್ಲಿ ಹಳೆಯ ಕುಂಚವೊಂದನ್ನು ಹಿಡಿದು ಅದರಿಂದ ನಿಬ್ಬಿಗೆ ಬಣ್ಣ ಉಣಿಸುವುದು ಎಷ್ಟೋ ವಾಸಿ. ನಿಬ್ಬಿನ ನಡುವಿನ ತೂತು ತುಂಬುವಷ್ಟು ಸವರಿದರೆ ಸಾಕು. ಬರೆಯಲು ಬಣ್ಣ ಕುಂಚದ ಕೆಲಸಕ್ಕಿಂತ ತುಸು ತೆಳುವಾಗಿ, ಹಾಲಿನಷ್ಟು ಇರಲಿ. ಚಕ್ಕೆಗಳು ಭಾರವಾದ್ದರಿಂದ ನಿಂತ ನೀರಿನಲ್ಲಿ ಬೇಗ ತಳ ಸೇರುತ್ತವೆ; ಆದ್ದರಿಂದ ಪ್ರತಿ ಸಲ ಉಣಿಸುವ ಮುನ್ನ ಕಲಕುವುದನ್ನು ಮರೆತರೆ ಪದದ ಮೊದಲಕ್ಷರ ಚಿನ್ನ, ಕೊನೆಯಕ್ಷರ ಕಂದು ನೀರು ಆಗುತ್ತದೆ. ಒಂದೆರಡು ಪದಗಳಿಗೊಮ್ಮೆ ನಿಬ್ಬನ್ನು ನೀರಿನಲ್ಲಿ ಅಲ್ಲಾಡಿಸಿ ಒರೆಸಬೇಕು. ತೀರಾ ಸಣ್ಣ ಎಳೆಗಳಲ್ಲಿ ಹೊಳಪನ್ನು ನಿರೀಕ್ಷಿಸಬೇಡಿ. ಕೂದಲೆಳೆಯಂಥ ಗೆರೆಯಲ್ಲಿ ಚಕ್ಕೆಗಳು ಒತ್ತೊತ್ತಾಗಿ ಸೇರುವಷ್ಟು ಜಾಗವೇ ಇರುವುದಿಲ್ಲ. ಅಗಲ ತುದಿಯ ನಿಬ್ಬಿನಲ್ಲಿ ಬರೆದ ದಪ್ಪ ಅಕ್ಷರಗಳಿಗೆ ಈ ಬಣ್ಣ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅನುಭವ.

ಪ್ರಶ್ನೆ: ಸಾಮಾನ್ಯ ಜಲವರ್ಣದೊಡನೆ ಬೆರೆಸಬಹುದೇ? ಚಿತ್ರದಲ್ಲಿ ಯಾವುದು ಮೊದಲು ಬರಬೇಕು?

ಉತ್ತರ: ಬೆರೆಸಬಹುದು, ಆದರೆ ಪಾರದರ್ಶಕ ಬಣ್ಣಗಳನ್ನು ಮಾತ್ರ, ಅದೂ ಚೂರು. ಅಪಾರದರ್ಶಕ ಬಣ್ಣಗಳು ಕನ್ನಡಿಗೆ ಸುಣ್ಣ ಬಳಿದಂತೆ ಚಕ್ಕೆಗಳನ್ನು ಮುಚ್ಚಿಬಿಡುತ್ತವೆ. ಕ್ರಮದಲ್ಲಿ ಹೊಳಪು ಯಾವಾಗಲೂ ಕೊನೆಗೆ. ಅಂಟು ನೀರಿನಲ್ಲಿ ಮತ್ತೆ ಕರಗುವಂಥದ್ದಾದ್ದರಿಂದ, ಮೆಟಾಲಿಕ್ ಪದರದ ಮೇಲೆ ವಾಶ್, ಅಂದರೆ ಧಾರಾಳ ನೀರು ಬೆರೆಸಿದ ತೆಳುಬಣ್ಣ, ಹಾಕಿದರೆ ಚಕ್ಕೆಗಳು ಎದ್ದು ಚಿತ್ರವಿಡೀ ಅಲೆಯುತ್ತವೆ. ಕುಂಚ ತೊಳೆಯುವ ನೀರನ್ನೂ ಬೇರೆ ಇಡಿ. ಇಲ್ಲವಾದರೆ ಮುಂದಿನ ವಾರ ನೀವು ಬರೆಯುವ ಆಕಾಶದಲ್ಲಿ ಹಗಲಿನಲ್ಲೇ ನಕ್ಷತ್ರಗಳು ಕಾಣಿಸಿಕೊಳ್ಳುತ್ತವೆ.

ಪ್ರಶ್ನೆ: ಈ ಚಿನ್ನ ಕಾಲ ಕಳೆದಂತೆ ಕಪ್ಪಾಗುತ್ತದೆಯೇ? ಬೆರಳು ತಾಗಿದರೆ ಅಂಟಿಕೊಳ್ಳುತ್ತದಲ್ಲ!

ಉತ್ತರ: ಲೇಪವಿರುವ ಅಭ್ರಕ ಗಾಳಿಗೆ ಕಪ್ಪಾಗುವುದಿಲ್ಲ. ಕಪ್ಪಾಗುವುದು ತಾಮ್ರ ಮತ್ತು ಸತುವಿನ ಮಿಶ್ರಲೋಹದ ಕಂಚುಪುಡಿಯಿಂದ ಮಾಡಿದ ಬಣ್ಣ, ಹಾಗೂ ನಿಜವಾದ ಬೆಳ್ಳಿ. ನಿಜವಾದ ಚಿನ್ನದ ಜಲವರ್ಣವೂ ಇದೆ: ಚಿನ್ನದ ರೇಕನ್ನು ಅರೆದು ಅಂಟಿನಲ್ಲಿ ಕಲಸುತ್ತಾರೆ, ಹಿಂದೆ ಅದನ್ನು ಚಿಪ್ಪುಗಳಲ್ಲಿ ಇಡುತ್ತಿದ್ದುದರಿಂದ ಚಿಪ್ಪಿನ ಚಿನ್ನ ಎಂದೇ ಅದರ ಹೆಸರು. ಅದನ್ನು ಅಗೇಟ್ ಕಲ್ಲಿನಿಂದ ತೀಡಿ ಮೆರುಗು ಕೊಡಬಹುದು. ಅಭ್ರಕವನ್ನು ಹಾಗೆ ತೀಡಿದರೆ ಹೊಳಪು ಹೆಚ್ಚುವುದಿಲ್ಲ, ಚಕ್ಕೆ ಉದುರುತ್ತದೆ. ಕೊಳ್ಳುವ ಮುನ್ನ ಡಬ್ಬಿಯ ಮೇಲೆ ಮೈಕಾ, ಅಂದರೆ ಅಭ್ರಕ, ಎಂದಿದೆಯೇ ನೋಡಿ.

ಒಣಗಿದ ಮೇಲೂ ಬೆರಳಿಗೆ ಪುಡಿ ಹತ್ತುತ್ತಿದ್ದರೆ ಅಂಟು ಸಾಲದಾಗಿದೆ ಎಂದರ್ಥ. ಮುಂದಿನ ಬಾರಿ ಕಲಸುವಾಗ ದ್ರವರೂಪದ ಗಮ್ ಅರೇಬಿಕ್‌ನ ಒಂದೇ ಒಂದು ಹನಿ ಸೇರಿಸಿ, ಹೆಚ್ಚಾದರೆ ಪದರ ಬಿರುಕು ಬಿಡುತ್ತದೆ. ಈಗಾಗಲೇ ಮುಗಿದ ಚಿತ್ರಕ್ಕೆ ವಾರ್ನಿಶ್ ಬಳಿಯುವ ಸಾಹಸ ಮಾಡದೆ, ಅಂಚುಗಳಲ್ಲಿ ದಪ್ಪ ರಟ್ಟಿನ ಚೌಕವಿಟ್ಟು, ಗಾಜು ಬಣ್ಣಕ್ಕೆ ತಾಗದಂತೆ ಕಟ್ಟು ಹಾಕಿಸಿ.