ಕಣ್ಣು ಕಾಣದ ಮಗು, ಕಿವಿ ಕೇಳದ ಮಗು ಒಂದೇ ತರಗತಿಯಲ್ಲಿದ್ದರೆ ಶಂಕು, ಸಿಲಿಂಡರ್ ಪಾಠ ಹೇಗೆ ಮಾಡೋದು?

ನಿಮ್ಮ ಒಂಬತ್ತನೇ ತರಗತಿಯಲ್ಲಿ ಒಬ್ಬಳಿಗೆ ಕಣ್ಣು ಕಾಣುವುದಿಲ್ಲ, ಒಬ್ಬನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಕೆಲವರಿಗೆ ಸೂತ್ರ ನೆನಪಿರುವುದಿಲ್ಲ, ಒಬ್ಬ ಎಲ್ಲರಿಗಿಂತ ಮೊದಲೇ ಮುಗಿಸಿ ಕೂರುತ್ತಾನೆ ಅಂದಿರಿ. ನಾನೂ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನೇ. ನನ್ನ ಸಲಹೆ: ಬೋರ್ಡಿನ ಚಿತ್ರವನ್ನು ಕೊನೆಗೆ ಇಡಿ. ಶಂಕುವಿನ ಬುಡಕ್ಕೆ ಮೊಟ್ಟೆಯಾಕಾರ ಬರೆದು, ಹಿಂದಿನ ಅರ್ಧಕ್ಕೆ ಚುಕ್ಕಿಗೆರೆ ಹಾಕಿ 'ಇದು ವೃತ್ತ' ಅನ್ನುತ್ತೇವೆ. ಕಣ್ಣು ಚೆನ್ನಾಗಿರುವ ಮಕ್ಕಳೂ ಅಲ್ಲೇ ತಬ್ಬಿಬ್ಬಾಗುತ್ತಾರೆ.

ಮೊದಲು ಕೈಗೆ ಸಿಗುವ ಮಾದರಿ ಕೊಡಬೇಕು ಅಂತ ನನಗೆ ಗೊತ್ತಾಗಿದ್ದು ಒಂದು ಎಡವಟ್ಟಿನಿಂದ. 6 ಸೆಂ.ಮೀ. ತ್ರಿಜ್ಯ, 8 ಸೆಂ.ಮೀ. ಎತ್ತರದ ಸಿಲಿಂಡರ್ ಮಾಡಿದ್ದೆ. ಶಂಕುವಿಗೆ 8 ಸೆಂ.ಮೀ. ತ್ರಿಜ್ಯದ ಮುಕ್ಕಾಲು ವೃತ್ತ ಕತ್ತರಿಸಿ ಸುತ್ತಿದೆ. ಬಾಯಿ ಸರಿಯಾಗಿ ಕೂತಿತು. ಒಂದೇ ತ್ರಿಜ್ಯ, ಒಂದೇ ಎತ್ತರ ಇದ್ದರೆ ಶಂಕುವಿನ ಘನಫಲ ಸಿಲಿಂಡರಿನ ಮೂರನೇ ಒಂದು ಭಾಗ; ಹಾಗಾಗಿ ಶಂಕುವಿನಿಂದ ಮೂರು ಸಲ ರಾಗಿ ಸುರಿದರೆ ಸಿಲಿಂಡರ್ ತುಂಬಬೇಕಿತ್ತು, ನಾಲ್ಕೂವರೆ ಸಲ ಬೇಕಾಯಿತು! ನಾವೆಲ್ಲ ರಾಗಿ ನೋಡುತ್ತಾ ನಿಂತಿದ್ದೆವು. ಕಣ್ಣು ಕಾಣದ ಹುಡುಗಿ ಎರಡನ್ನೂ ಮೇಜಿನ ಮೇಲೆ ಇಟ್ಟು ಅಂಗೈ ಹಾಯಿಸಿ, "ಸರ್, ಟೋಪಿ ಗಿಡ್ಡ ಇದೆ" ಅಂದಳು. ನಿಜ. ನಾನು ತೆಗೆದುಕೊಂಡ 8 ಸೆಂ.ಮೀ. ಓರೆ ಎತ್ತರವಾಗಿತ್ತು, ಅಂದರೆ ತುದಿಯಿಂದ ಬುಡದ ಅಂಚಿನವರೆಗಿನ ಇಳಿಜಾರಿನ ಉದ್ದ. ನಿಜವಾದ ಎತ್ತರ ಸುಮಾರು 5.3 ಮಾತ್ರ.

ಸರಿಯಾದ ಅಳತೆ ಬರೆದುಕೊಳ್ಳಿ: ಚಾರ್ಟ್ ಪೇಪರಿನಲ್ಲಿ 10 ಸೆಂ.ಮೀ. ತ್ರಿಜ್ಯ, 216 ಡಿಗ್ರಿ ಕೋನದ ತುಂಡು. ಸುತ್ತಿದರೆ 6 ತ್ರಿಜ್ಯ, 8 ಎತ್ತರ ಬರುತ್ತದೆ. ಸಿಲಿಂಡರಿಗೆ 8 ಅಗಲ, 37.7 ಉದ್ದದ ಪಟ್ಟಿ. ಎರಡಕ್ಕೂ ಅಂಟಿಸಲು ಒಂದು ಸೆಂ.ಮೀ. ಜಾಸ್ತಿ ಬಿಡಿ. ಆದರೆ ಮೊದಲು ನನ್ನ ತಪ್ಪು ಶಂಕುವನ್ನೇ ಕೊಟ್ಟು ನೋಡಿ, ಚರ್ಚೆ ಚೆನ್ನಾಗಿ ಆಗುತ್ತದೆ.

ಕಿವಿ ಕೇಳದ ಹುಡುಗನಿಗೆ 'ಎತ್ತರ', 'ಓರೆ ಎತ್ತರ' ಎರಡರ ವ್ಯತ್ಯಾಸ ಬರೀ ತುಟಿ ನೋಡಿ ತಿಳಿಯದೇ ಹೋಗಬಹುದು. ಶಂಕುವಿನ ತುದಿಯಿಂದ ಒಳಗೆ ಕೆಂಪು ದಾರ ಇಳಿಬಿಡಿ, ಹೊರಗೆ ಓರೆಯಾಗಿ ನೀಲಿ ದಾರ ಅಂಟಿಸಿ. ನೀಲಿ ದಾರಕ್ಕೆ ಒಂದು ಗಂಟು ಹಾಕಿದರೆ ಆ ಹುಡುಗಿಗೂ ಅದೇ ಸಾಕು.

ಸೂತ್ರ ಮರೆಯುವವರಿಗೆ ಡಬ್ಬದ ಲೇಬಲ್ ಬಿಚ್ಚಿಸಿ. ಅದು ಆಯತವಾಗಿ ಹರಡಿಕೊಂಡಾಗ ಪಾರ್ಶ್ವ ಮೇಲ್ಮೈ (ಸುತ್ತಲಿನ ಬಾಗಿದ ಭಾಗದ ವಿಸ್ತೀರ್ಣ) ಸೂತ್ರ ಅವರೇ ಹೇಳುತ್ತಾರೆ. ಗೋಳಕ್ಕೆ ಕಿತ್ತಳೆ: ಅದರ ಅಗಲದ್ದೇ ವೃತ್ತಗಳನ್ನು ಬರೆದು ಸಿಪ್ಪೆ ಚೂರು ಜೋಡಿಸಿದರೆ ಹತ್ತಿರ ಹತ್ತಿರ ನಾಲ್ಕು ವೃತ್ತ ತುಂಬುತ್ತವೆ. ಲೆಕ್ಕದಲ್ಲಿ ಮೊದಮೊದಲು ತ್ರಿಜ್ಯ 7, 14 ಇರಲಿ, ಪೈ ಬೆಲೆ 22/7 ಅಂತ ಹಾಕಿದಾಗ 7 ಸುಲಭವಾಗಿ ಹೊಡೆದುಹೋಗುತ್ತದೆ. ಕಲಿಯಬೇಕಾದ್ದು ಘನಫಲ, ಭಾಗಾಕಾರದ ಒದ್ದಾಟ ಅಲ್ಲ.

ಬೇಗ ಮುಗಿಸುವವನಿಗೆ ಇನ್ನೂ ಹತ್ತು ಲೆಕ್ಕ ಕೊಡಬೇಡಿ, ಅದು ಶಿಕ್ಷೆ. ಒಂದೇ ತ್ರಿಜ್ಯದ ಶಂಕು, ಅರ್ಧಗೋಳ, ಸಿಲಿಂಡರ್, ಮೂರಕ್ಕೂ ಎತ್ತರ ತ್ರಿಜ್ಯದಷ್ಟೇ. ಘನಫಲ 1, 2, 3ರ ಅನುಪಾತದಲ್ಲಿ ಬರುತ್ತದೆ. ಯಾಕೆ ಅಂತ ಕೇಳಿ ಸುಮ್ನೆ ಬಿಟ್ಟುಬಿಡಿ.

ಚಿತ್ರ ಬರೆಸುವುದು ಮೂರನೇ ದಿನಕ್ಕೆ. ರಬ್ಬರ್ ಶೀಟಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಬಾಲ್‌ಪೆನ್ನಿನಿಂದ ಒತ್ತಿದರೆ ಗೆರೆ ಉಬ್ಬಿ ಬೆರಳಿಗೆ ಸಿಗುತ್ತದೆ. ಆ ಹುಡುಗಿಯೂ ಬರೆಯಲಿ.

ಹಾಂ, ರಾಗಿ ಸುರಿಯುವಾಗ ಕೆಳಗೆ ದೊಡ್ಡ ತಟ್ಟೆ ಇಡಿ. ನಾನು ಇಟ್ಟಿರಲಿಲ್ಲ, ಒಂದು ವಾರ ತರಗತಿಯಲ್ಲಿ ಇರುವೆ ಕಾಟ.