ದಾಳ ಸೋತರೆ ಭಾಷೆ ಮರೆಯುವುದೇ?

ಪ್ರಶ್ನೆ: ನಾವು ಐವರು ಗೆಳೆಯರು ಭಾನುವಾರಗಳಂದು ಕೂಡಿ ‘ಕಾಲ್ ಆಫ್ ಕಥುಲು’ ಆಡುತ್ತೇವೆ. ಈಗಿನ ಕಥೆ ನಡೆಯುವುದು 1923ರಲ್ಲಿ, ಪ್ಯಾರಿಸ್ಸಿನಿಂದ ಇಸ್ತಾಂಬುಲ್‌ಗೆ ಹೋಗುವ ರೈಲಿನಲ್ಲಿ. ಒಂದು ಪಾತ್ರಕ್ಕೆ ಫ್ರೆಂಚ್ ಶೇಕಡಾ 60, ಇನ್ನೊಂದಕ್ಕೆ ಜರ್ಮನ್ 40, ಮತ್ತೊಂದಕ್ಕೆ ತುರ್ಕಿ 20 ಬರುತ್ತದೆ. ಮುಖ್ಯ ಸುಳಿವಿರುವ ಕಾಗದ ಸಿಕ್ಕಾಗ ದಾಳ ಸೋತರೆ ಕಥೆ ಅಲ್ಲಿಗೇ ನಿಂತುಬಿಡುತ್ತದೆ. ಅದಕ್ಕೆ ಅಂಜಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ ಎಂದುಬಿಟ್ಟರೆ ಪರದೇಶದಲ್ಲಿದ್ದೇವೆ ಎಂಬುದೇ ಮರೆತುಹೋಗುತ್ತದೆ. ಕೀಪರ್ ಆಗಿ ನಾನು ಏನು ಮಾಡಬೇಕು? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಈ ಆಟವನ್ನು ಅರಿಯದವರಿಗಾಗಿ ಮೊದಲು ಒಂದು ಮಾತು. 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಭಯದ ಆಟದಲ್ಲಿ ಕೀಪರ್ ಎಂಬಾತ ಕಥೆ ನಡೆಸುತ್ತಾನೆ, ಉಳಿದವರು ಒಬ್ಬೊಬ್ಬ ತನಿಖೆಗಾರನ ಪಾತ್ರ ವಹಿಸುತ್ತಾರೆ. ಪಾತ್ರದ ಪ್ರತಿಯೊಂದು ವಿದ್ಯೆಗೂ ನೂರರಲ್ಲಿ ಇಷ್ಟು ಎಂಬ ಅಂಕಿಯಿರುತ್ತದೆ. ದಾಳದಲ್ಲಿ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಗೆಲುವು.

ತಮ್ಮ ತೊಂದರೆಯ ಮೂಲವೆಂದರೆ ಭಾಷೆಯನ್ನು ಬೀಗವೆಂದೂ ದಾಳವನ್ನು ಕೀಲಿಯೆಂದೂ ಬಗೆದಿರುವುದು. ಏಳನೆಯ ಆವೃತ್ತಿಯ ನಿಯಮಗಳೇ ಹಾಗೆ ಹೇಳುವುದಿಲ್ಲ. ಪರಭಾಷೆ ಶೇಕಡಾ 5 ಇದ್ದರೆ ಅದು ಯಾವ ಭಾಷೆಯೆಂದು ಗುರುತಿಸಬಹುದು, 10 ಇದ್ದರೆ ಸರಳ ವಿಚಾರಗಳನ್ನು ತಿಳಿಸಬಹುದು, 30 ಇದ್ದರೆ ಕೊಡುಕೊಳ್ಳುವ ವ್ಯವಹಾರ ಸಾಗುತ್ತದೆ, 50 ಇದ್ದರೆ ನಿರರ್ಗಳವಾಗಿ ಮಾತಾಡಬಹುದು, 75 ದಾಟಿದರೆ ಆ ನೆಲದವರೇ ಎನಿಸಿಕೊಳ್ಳಬಹುದು. ಅಂದಮೇಲೆ ಫ್ರೆಂಚ್ 60 ಇರುವವನಿಗೆ ಹೋಟೆಲಿನಲ್ಲಿ ಕೋಣೆ ಕೇಳುವಾಗ ದಾಳ ಉರುಳಿಸಲು ಹೇಳುವುದು ಸರಿಯಲ್ಲ. ಅವಸರ, ಕತ್ತಲೆ, ಕೆಟ್ಟ ಕೈಬರಹ, ಹಳೆಯ ಕಾಲದ ನುಡಿ ಇಂಥವು ಎದುರಾದಾಗ ಮಾತ್ರ ದಾಳ ತೆಗೆಯಿರಿ. ಆಗಲೂ “ಅರ್ಥವಾಯಿತೇ, ಇಲ್ಲವೇ” ಎಂದು ಕೇಳದೆ “ಎಷ್ಟು ಅರ್ಥವಾಯಿತು, ಎಲ್ಲಿ ತಪ್ಪಿತು” ಎಂದು ಕೇಳಿ. ಏನೂ ತಿಳಿಯದವನಿಗಿಂತ ಅರ್ಧ ತಿಳಿದವನೇ ಹೆಚ್ಚು ಹೆದರುತ್ತಾನೆ ಎಂಬುದು ನನ್ನ ದೃಢವಾದ ನಂಬಿಕೆ.

ಒಂದು ಉದಾಹರಣೆ ಕೊಡುತ್ತೇನೆ. 1918ರವರೆಗೆ ಆಸ್ಟ್ರಿಯದ ಆಳ್ವಿಕೆಯಲ್ಲಿದ್ದ ತ್ರಿಯೆಸ್ತೆಯಲ್ಲಿ ರೈಲು ನಿಂತಾಗ ತಮ್ಮ ತನಿಖೆಗಾರರ ಕೈಗೆ ಜರ್ಮನ್ ತಂತಿಯೊಂದು ಸಿಗಲಿ. ಅದರಲ್ಲಿರುವುದು ‘ಕೆಲ್ಲರ್ ಫೊಲ್’ ಎಂಬ ಎರಡೇ ಪದ. ಕೆಲ್ಲರ್ ಎಂದರೆ ನೆಲಮಾಳಿಗೆ. ಅದೊಂದು ಮನೆತನದ ಹೆಸರೂ ಹೌದು. ಫೊಲ್ ಎಂದರೆ ತುಂಬಿದೆ. ಆಡುಮಾತಿನಲ್ಲಿ ಕುಡಿದು ಮತ್ತೇರಿದೆ ಎಂಬ ಅರ್ಥವೂ ಉಂಟು. ಜರ್ಮನ್ನಿನಲ್ಲಿ ನಾಮಪದಗಳೆಲ್ಲ ದೊಡ್ಡಕ್ಷರದಿಂದಲೇ ಆರಂಭವಾಗುವುದರಿಂದ ಅದನ್ನು ನೋಡಿ ಇದು ಹೆಸರೆಂದು ನಿರ್ಣಯಿಸುವಂತಿಲ್ಲ. ದಾಳ ಗೆದ್ದರೆ ಎರಡು ಅರ್ಥಗಳನ್ನೂ ಹೇಳಿ, ಸೋತರೆ ‘ಕೆಲ್ಲರ್ ಎಂಬಾತ ಕುಡಿದು ಬಿದ್ದಿದ್ದಾನೆ’ ಎಂಬುದನ್ನಷ್ಟೇ ಹೇಳಿ. ಅವರು ಊರಿನ ಪಡಖಾನೆಗಳಲ್ಲಿ ಕೆಲ್ಲರನನ್ನು ಹುಡುಕುತ್ತ ಸಂಜೆ ಕಳೆಯುತ್ತಾರೆ. ತುಂಬಿದ ನೆಲಮಾಳಿಗೆ ಅಲ್ಲೇ ಕಾದಿರುತ್ತದೆ. ಸುಳಿವು ಕೈಬಿಡಲಿಲ್ಲ, ಕಥೆಯೂ ನಿಲ್ಲಲಿಲ್ಲ.

ಸೋತವರು ಮತ್ತೊಮ್ಮೆ ಪ್ರಯತ್ನಿಸುತ್ತೇವೆಂದರೆ ನಿಯಮದಲ್ಲಿ ಅದಕ್ಕೂ ಅವಕಾಶವಿದೆ, ಆದರೆ ಎರಡನೆಯ ಸಲವೂ ಸೋತರೆ ಆಪತ್ತು ಖಂಡಿತ. ಭಾಷೆಯ ವಿಷಯದಲ್ಲಿ ಆ ಆಪತ್ತು ಸಹಜವಾಗಿಯೇ ಒದಗುತ್ತದೆ: ಕಾಗದವನ್ನು ಬೇರೊಬ್ಬರಿಂದ ಓದಿಸಬೇಕಾಗುತ್ತದೆ, ಓದಿಕೊಟ್ಟವನಿಗೂ ಗುಟ್ಟು ತಿಳಿಯುತ್ತದೆ.

ಮಾತಾಡುವುದು ಬೇರೆ, ಓದುವುದು ಬೇರೆ ಎಂಬುದನ್ನೂ ಮರೆಯಬೇಡಿ. ತುರ್ಕಿಯಲ್ಲಿ ಲ್ಯಾಟಿನ್ ಲಿಪಿಯನ್ನು ತಂದ ಕಾನೂನು 1928ರ ನವೆಂಬರಿನದು. ತಮ್ಮ ಕಥೆಯ 1923ರಲ್ಲಿ ಅಂಗಡಿಯ ಫಲಕದಿಂದ ಹಿಡಿದು ಸಮಾಧಿಯ ಕಲ್ಲಿನವರೆಗೆ ತುರ್ಕಿಯನ್ನು ಬರೆಯುತ್ತಿದ್ದುದು ಅರಬ್ಬೀ ಲಿಪಿಯಲ್ಲಿ. ಜರ್ಮನ್ನರ ಹಳೆಯ ಕೈಬರಹದಲ್ಲಿ ‘ಇ’ ಅಕ್ಷರ ‘ಎನ್’ನಂತೆ ಕಾಣುತ್ತದೆ, ‘ಯು’ ಮತ್ತು ‘ಎನ್’ ಬೇರೆಯೆಂದು ತೋರಿಸಲು ‘ಯು’ವಿನ ತಲೆಯ ಮೇಲೊಂದು ಸಣ್ಣ ಕೊಂಕು ಹಾಕುತ್ತಿದ್ದರು. ಮರಾಠಿ ಚೆನ್ನಾಗಿ ಬಲ್ಲವರೂ ಬೆಳಗಾವಿ ಕಡೆಯ ಮೋಡಿ ಲಿಪಿಯ ಹಳೆಯ ಕಾಗದಪತ್ರಗಳ ಮುಂದೆ ಕೈಚೆಲ್ಲುವುದನ್ನು ತಮ್ಮ ಭಾಗದವರಿಗೆ ನಾನು ವಿವರಿಸಬೇಕಾಗಿಲ್ಲ.

ಯಾವ ಭಾಷೆ ಬರುತ್ತದೆ ಎಂಬುದರ ಮೇಲೆ ಯಾರ ಸಂಗತಿ ತಿಳಿಯುತ್ತದೆ ಎಂಬುದು ನಿಂತಿದೆ; ಇದೇ ನನಗೆ ಎಲ್ಲಕ್ಕಿಂತ ಮುಖ್ಯ. ಅಂದಿನ ಇಸ್ತಾಂಬುಲ್‌ನ ಪೇರಾ ಭಾಗದಲ್ಲಿ ಫ್ರೆಂಚ್ ಬಲ್ಲವನಿಗೆ ಹೋಟೆಲು, ಬ್ಯಾಂಕು, ರಾಯಭಾರ ಕಚೇರಿಗಳ ಬಾಗಿಲು ತೆರೆಯುತ್ತಿತ್ತು. ಗ್ರೀಕ್, ಅರ್ಮೇನಿಯನ್, ಸ್ಪೇನಿನಿಂದ ಬಂದ ಯೆಹೂದಿಗಳ ಲದೀನೋ ಕೂಡ ಅಲ್ಲಿ ಮನೆಮಾತುಗಳಾಗಿದ್ದವು. ಫ್ರೆಂಚ್ ಬಲ್ಲ ಪಾತ್ರಕ್ಕೆ ಬ್ಯಾಂಕಿನ ಗುಮಾಸ್ತ ಹೇಳುವ ಕಥೆ ಸಿಗಲಿ, ತುರ್ಕಿ ಬಲ್ಲ ಪಾತ್ರಕ್ಕೆ ದೋಣಿಯವನು ಹೇಳುವ ಕಥೆ ಸಿಗಲಿ, ಮತ್ತು ಆ ಎರಡು ಕಥೆಗಳು ಒಂದಕ್ಕೊಂದು ಹೊಂದದಿರಲಿ.

ಪ್ರಶ್ನೆ: ನಾವು ಆಡುವುದು ಕನ್ನಡದಲ್ಲಿ. ಫ್ರೆಂಚ್, ತುರ್ಕಿ ಮಾತುಗಳನ್ನು ಮೇಜಿನ ಮುಂದೆ ತೋರಿಸುವುದು ಹೇಗೆ? ಉಚ್ಚಾರಣೆಯನ್ನು ಅನುಕರಿಸಬಹುದೇ? (ಅದೇ ಓದುಗರು)

ಉತ್ತರ: ಅನುಕರಣೆ ಬೇಡ. 1920ರ ದಶಕದ ಭಯದ ಕಥೆಗಳಲ್ಲಿ ಪರಭಾಷೆಯವನೆಂದರೆ ಕೇಡಿಗನೆಂಬ ಕೆಟ್ಟ ರೂಢಿಯಿತ್ತು. ಅಪಹಾಸ್ಯದ ಉಚ್ಚಾರಣೆ ಅದನ್ನೇ ಮುಂದುವರಿಸುತ್ತದೆ. ದೋಣಿಯವನು ತನ್ನ ಭಾಷೆಯಲ್ಲಿ ಜಾಣ, ದುಃಖಿ, ಗಂಭೀರ ಮನುಷ್ಯ. ತೊದಲುತ್ತಿರುವವರು ತಮ್ಮ ತನಿಖೆಗಾರರು. ಆದ್ದರಿಂದ ಅವನ ಮಾತನ್ನು ಪೂರ್ಣವಾಗಿ ಬರೆದಿಟ್ಟುಕೊಂಡು, ಭಾಷೆ ಬಲ್ಲ ಆಟಗಾರನಿಗೆ ಅವನ ಅಂಕಿಗೆ ತಕ್ಕಷ್ಟನ್ನು ಮಾತ್ರ ಚೀಟಿಯಲ್ಲಿ ಕೊಡಿ. ಉಳಿದವರಿಗೆ ಅವನು ತನ್ನ ಮಾತಿನಲ್ಲಿ ಹೇಳಲಿ. ಮುಚ್ಚಿಡುವುದೂ ಅವನಿಗೆ ಬಿಟ್ಟದ್ದು.

ತುರ್ಕಿ 20 ಇರುವ ಪಾತ್ರಕ್ಕೆ ನಾನಾದರೆ ಹೀಗೆ ಬರೆದುಕೊಡುತ್ತಿದ್ದೆ: ‘ಮಗ. ನೀರು. ಮೂರು ದಿನ. ನಿನ್ನೆ ರಾತ್ರಿ. ಬಾಗಿಲು.’ ಚೀಟಿಯಲ್ಲಿ ಬರೆಯದೆ ಉಳಿಸಿದ ಕೊನೆಯ ಪದ ಕ್ರಿಯಾಪದ. ತುರ್ಕಿಯಲ್ಲಿ ‘ಗೆಲ್ದಿ’ ಎಂದರೆ ಬಂದ, ‘ಗೆಲ್ಮೆದಿ’ ಎಂದರೆ ಬರಲಿಲ್ಲ. ನಮ್ಮ ‘ಬಾರದ’ ಎಂಬಲ್ಲಿ ಇರುವಂತೆ ನಿಷೇಧ ಪದದ ಹೊಟ್ಟೆಯೊಳಗೇ ಅಡಗಿದೆ, ಬಿಕ್ಕುತ್ತ ಆಡಿದರೆ ಕಿವಿಗೆ ಬೀಳದೆಯೂ ಹೋಗಬಹುದು. ದಾಳ ಉರುಳಿಸಬೇಕಾದದ್ದು ಆ ಒಂದು ಪದಕ್ಕೆ. ಸೋತರೆ, ಮುಳುಗಿಹೋದ ಮಗ ನಿನ್ನೆ ರಾತ್ರಿ ಬಾಗಿಲಿಗೆ ಬರಲಿಲ್ಲವೆಂದು ಮುದುಕ ಅಳುತ್ತಿದ್ದಾನೋ, ಬಂದನೆಂದು ಅಳುತ್ತಿದ್ದಾನೋ ಎಂಬುದು ಅವರಿಗೆ ಗೊತ್ತಾಗದಿರಲಿ.