ಉಪ್ಪಿನ ಪ್ಯಾಕೆಟ್ ಮೇಲೆ ತಾರೀಕು ಬರೆಯಿರಿ

ಪ್ರಶ್ನೆ: ನನಗೆ 48. ಹಾಸನದ ಹತ್ತಿರ ಹಳ್ಳಿ, ಐದು ಜನರ ಮನೆ, ಎರಡು ಹಸು. ಹೋದ ವರ್ಷ ಅಕ್ಕನಿಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ನನಗೆ ಶುಗರ್ ಬಂದಿತ್ತು, ಹೆರಿಗೆ ಆದ ಮೇಲೆ ಹೋಯಿತು. ಮುಟ್ಟು ನಿಂತು ಎರಡು ವರ್ಷ. ಹುಲ್ಲಿನ ಹೊರೆ ಹೊತ್ತು ಬರುವಾಗ ಏದುಸಿರು, ದವಡೆ ಹಿಡಿದ ಹಾಗಾಗುತ್ತೆ, ನಿಂತರೆ ಸರಿಹೋಗುತ್ತೆ. ಗ್ಯಾಸ್ ಇರಬೇಕು ಅಂತ ಮಾತ್ರೆ ನುಂಗುತ್ತೇನೆ. ವಾಕಿಂಗ್ ಹೋಗ್ತೀನಿ ಅಂದರೆ ಅತ್ತೆ, "ಮನೆ ಕೆಲಸ ಸಾಲದಾ?" ಅಂತಾರೆ. ಸಾರಿಗೆ ಉಪ್ಪು ಕಮ್ಮಿಯಾದರೆ ಯಜಮಾನರು ತಟ್ಟೆ ಸರಿಸಿ ಏಳುತ್ತಾರೆ. ನನ್ನೊಬ್ಬಳಿಗಾಗಿ ಮನೆಯವರನ್ನೆಲ್ಲ ಕಾಡುವುದು ಸ್ವಾರ್ಥವಾ?

ಉತ್ತರ: ಸ್ವಾರ್ಥ ಅಲ್ಲ, ತಂಗಿ. ಆದರೆ ಆ ಮಾತು ಆಮೇಲೆ, ಮೊದಲು ದವಡೆಯ ವಿಷಯ.

ಹೊರೆ ಹೊತ್ತಾಗ ಬಂದು, ನಿಂತಾಗ ಹೋಗುವುದನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ. ಹೃದಯಕ್ಕೆ ರಕ್ತ ಸಾಲದಾದಾಗ ಹೀಗೇ ಆಗುತ್ತದೆ. ಹೆಂಗಸರಲ್ಲಿ ಎದೆನೋವು ಅಷ್ಟಾಗಿ ಇಲ್ಲದೆಯೂ ಏದುಸಿರು, ವಾಕರಿಕೆ, ಬೆನ್ನು ಅಥವಾ ದವಡೆ ನೋವು, ವಿಪರೀತ ಸುಸ್ತು ಕಾಣಿಸಬಹುದು. ನಾಳೆಯೇ ಹಾಸನದ ಹಿಮ್ಸ್, ಅಂದರೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ. ಮಲಗಿಸಿ ತೆಗೆದ ಇಸಿಜಿ ಚೆನ್ನಾಗಿದೆ ಎಂದರೂ ಅಷ್ಟಕ್ಕೇ ಎದ್ದು ಬರಬೇಡಿ. ಹೊರೆ ಹೊತ್ತಾಗ ಮಾತ್ರ ಬರುತ್ತೆ, ಅಕ್ಕನಿಗೆ ಸ್ಟೆಂಟ್ ಆಗಿದೆ, ಬಸುರಿ ಇದ್ದಾಗ ಶುಗರ್ ಇತ್ತು, ಈ ಮೂರನ್ನೂ ಬಾಯಿಬಿಟ್ಟು ಹೇಳಿ. ಆ ಶುಗರ್ ಹೆರಿಗೆಯ ಜೊತೆಗೇ ಹೋಯಿತು ಅಂದುಕೊಂಡಿದ್ದೀರಿ. ಅದು ಬಂದವರಿಗೆ ಮುಂದೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಎರಡರ ಅಪಾಯವೂ ಹೆಚ್ಚು. ಮುಟ್ಟು ನಿಂತ ಮೇಲೆ ಇನ್ನಷ್ಟು. ಡಾಕ್ಟರು ಕೇಳದಿದ್ದರೂ ನೀವೇ ಹೇಳಬೇಕು.

ಅಲ್ಲಿಯವರೆಗೆ ಹೊರೆ ಬೇಡ, ಬಿರುಸು ನಡಿಗೆಯೂ ಬೇಡ. ಸುಮ್ಮನೆ ಕೂತಾಗಲೂ ಹೀಗಾದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಈಗ ಉಪ್ಪು. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಲೆಕ್ಕದಲ್ಲಿ ನಿಮ್ಮ ಐದು ಜನರಿಗೆ ಒಂದು ಕಿಲೋ ಕನಿಷ್ಠ 40 ದಿನ ಬರಬೇಕು, ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರದ ಉಪ್ಪೂ ಆ 5 ಗ್ರಾಂನೊಳಗೇ ಸೇರಬೇಕು. ಇಪ್ಪತ್ತೇ ದಿನಕ್ಕೆ ಮುಗಿದರೆ ಆ ಪ್ಯಾಕೆಟ್ಟನ್ನೇ ಯಜಮಾನರ ಮುಂದಿಡಿ, ವಾದ ಬೇಡ. ಒಂದೇ ದಿನ ಅರ್ಧಕ್ಕೆ ಇಳಿಸಿದರೆ ಯಾರೂ ಉಣ್ಣುವುದಿಲ್ಲ. ಅನ್ನಕ್ಕೆ ಹಾಕುವ ಉಪ್ಪು ಮೊದಲು ನಿಲ್ಲಲಿ. ಬಸ್ಸಾರಿಗೆ ಬೆಳ್ಳುಳ್ಳಿ, ಮೆಣಸು, ಹುಣಸೆ ಸ್ವಲ್ಪ ಮುಂದಿರಲಿ, ಉಪ್ಪು ವಾರಕ್ಕೊಂದು ಚಿಟಿಕೆ ಹಿಂದೆ ಸರಿಯಲಿ. ನಾಲಿಗೆ ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ. ನಿಮಗೆಂದು ಬೇರೆ ಪಾತ್ರೆ ಇಡಲೇಬೇಡಿ. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತಿದ್ದು ಯಜಮಾನರಿಗೂ ನೆನಪಿರುತ್ತದೆ. ಈ ಸಾರು ಅವರಿಗೂ ಬೇಕಾದದ್ದೇ.

ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ನಡಿಗೆಗೆ ಡಾಕ್ಟರು ಒಪ್ಪಿದ ಮೇಲೆ ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ ಸಾಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಒಲೆ ಮುಂದೆ ನಿಂತದ್ದು ಈ ಲೆಕ್ಕಕ್ಕೆ ಬರುವುದಿಲ್ಲ ಎಂದು ಅತ್ತೆಗೆ ಹೇಳಿ ಜಗಳ ಕಾಯಬೇಡಿ. ಡೈರಿಗೆ ಹಾಲು ಹಾಕುವ ಕೆಲಸ ನೀವೇ ಇಟ್ಟುಕೊಳ್ಳಿ. ಬರುವಾಗ ಖಾಲಿ ಕ್ಯಾನು ಹಿಡಿದು ಸುತ್ತುದಾರಿಯಲ್ಲಿ ಬನ್ನಿ. ಎಲ್ಲರೂ ಉಂಡ ಮೇಲೆ ಉಳಿದ ಅನ್ನ ದಂಡವಾಗಬಾರದೆಂದು ಸಾರಿಲ್ಲದೆ ಉಪ್ಪಿನಕಾಯಿ ಕಲಸಿ ಉಣ್ಣುವುದನ್ನೂ ನಿಲ್ಲಿಸಿ. ಎಲ್ಲರ ಜೊತೆ ಕೂತು ಸೊಪ್ಪು, ಕಾಳು ನಿಮ್ಮ ತಟ್ಟೆಗೂ ಬಡಿಸಿಕೊಳ್ಳಿ.

ನಾಳೆ ಆಸ್ಪತ್ರೆಗೆ ಅಕ್ಕನನ್ನೂ ಕರೆದುಕೊಂಡು ಹೋಗಿ, ಆಕೆಯ ಫೈಲು ಜೊತೆಗಿರಲಿ. ಅವತ್ತೊಂದು ದಿನ ಹುಲ್ಲು ಯಜಮಾನರು ತರುತ್ತಾರೆ.